ಜಪಾನಿ ಕಂಪನಿಯ ಇಂಟರ್‌ವ್ಯೂಗೆ ಹೋಗುವ ಮುಂಚೆ: ಕಾಗದ, ಮಾತು, ಬಾಗಿಲು

ನನ್ನ ಮೊದಲ ಜಪಾನಿ ಇಂಟರ್‌ವ್ಯೂ ನಡೆದದ್ದು ಬೆಂಗಳೂರಿನಲ್ಲಿ, ಬೆಳಗ್ಗೆ ಆರೂವರೆಗೆ. ಜಪಾನಿನಲ್ಲಿ ಆಗ ಹತ್ತು ಗಂಟೆ. ನಮಗಿಂತ ಮೂರೂವರೆ ಗಂಟೆ ಮುಂದೆ ಇದ್ದಾರೆ ಅಲ್ವಾ. ಮೇಲೆ ಕೋಟು, ಟೈ, ಕೆಳಗೆ ಪೈಜಾಮ ಹಾಕಿಕೊಂಡು ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. "ನಮ್ಮ ಕಂಪನಿಯೇ ಯಾಕೆ?" ಅಂತ ಕೇಳಿದರು. ನಾನು ಜಪಾನಿನ ಶಿಸ್ತು, ತಂತ್ರಜ್ಞಾನ, ಬುಲೆಟ್ ಟ್ರೇನು ಅಂತ ಐದು ನಿಮಿಷ ಹೊಗಳಿದೆ. ಎದುರಿಗಿದ್ದ ಮೂವರೂ ತಲೆದೂಗುತ್ತಾ ಏನೋ ಬರೆದುಕೊಂಡರು. ಕೆಲಸ ಸಿಕ್ಕಿತು ಅಂದುಕೊಂಡೆ. ವಾರ ಕಳೆದ ಮೇಲೆ ಒಂದು ಮೇಲ್ ಬಂತು, "ನಿಮ್ಮ ಮುಂದಿನ ಏಳಿಗೆಗಾಗಿ ಪ್ರಾರ್ಥಿಸುತ್ತೇವೆ" ಅಂತ. ಇಂಥ ಮೇಲ್‌ಗೆ ಅಲ್ಲಿ ಒಂದು ಹೆಸರೇ ಇದೆ: ಒಇನೊರಿ ಮೇಲ್, ಅಂದರೆ ಪ್ರಾರ್ಥನೆಯ ಮೇಲ್. ಬೇಡ ಅನ್ನುವುದನ್ನು ಇಷ್ಟು ಮರ್ಯಾದೆಯಿಂದ ಯಾರೂ ನನಗೆ ಹೇಳಿರಲಿಲ್ಲ.

ಇನ್ನೂ ಮೂರು ಕಡೆ ಹೀಗೇ ಪ್ರಾರ್ಥನೆ ಮಾಡಿಸಿಕೊಂಡ ಮೇಲೆ ವಿಷಯ ತಲೆಗೆ ಹೋಯಿತು. ಅವರು ನೋಡುತ್ತಿದ್ದದ್ದು ನಾನು ಎಷ್ಟು ಬುದ್ಧಿವಂತ ಅಂತ ಅಲ್ಲ. ಮನೆಗೆ ಸಂಬಂಧ ನೋಡಲು ಬಂದವರ ಥರ ನೋಡುತ್ತಿದ್ದರು. ಇವನು ಇಲ್ಲಿ ಹೊಂದಿಕೊಂಡು ಇರುತ್ತಾನಾ, ಹೇಳಿದ ಮಾತು ನಿಲ್ಲಿಸುತ್ತಾನಾ, ವೀಸಾ ಮಾಡಿಸಿ, ಮನೆ ಹುಡುಕಿಕೊಟ್ಟು, ಆರು ತಿಂಗಳು ಕೆಲಸ ಕಲಿಸಿದ ಮೇಲೆ ಬಿಟ್ಟು ಓಡಿಹೋಗುತ್ತಾನಾ? ವಿದೇಶಿಯರ ವಿಷಯದಲ್ಲಿ ಈ ಅನುಮಾನ ಇನ್ನೂ ಜಾಸ್ತಿ. ಕೆಳಗೆ ಹೇಳಿರುವ ತಯಾರಿಯೆಲ್ಲ ಈ ಒಂದು ಅನುಮಾನಕ್ಕೆ ಉತ್ತರ ಅಂತಲೇ ಓದಿಕೊಳ್ಳಿ.

ಮೊದಲು ವೀಸಾದ ದಾರಿ ನೋಡಿ

ಇದು ಇಂಟರ್‌ವ್ಯೂ ಆದ ಮೇಲಿನ ಕೆಲಸ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಅಲ್ಲ. ಡಿಗ್ರಿ ಮುಗಿಸಿ ಐಟಿ, ಎಂಜಿನಿಯರಿಂಗ್, ಅನುವಾದ, ಮಾರ್ಕೆಟಿಂಗ್ ಥರದ ಕೆಲಸಕ್ಕೆ ಹೋಗುವವರಿಗೆ ಸಾಮಾನ್ಯವಾಗಿ ಸಿಗುವುದು "ಎಂಜಿನಿಯರ್, ಮಾನವಿಕ ತಜ್ಞ, ಅಂತರರಾಷ್ಟ್ರೀಯ ಸೇವೆ" ಅನ್ನುವ ವೀಸಾ. ಇದರಲ್ಲಿ ನೀವು ಓದಿದ್ದಕ್ಕೂ ಮಾಡಲಿರುವ ಕೆಲಸಕ್ಕೂ ನಂಟು ಇದೆಯಾ ಅಂತ ವಲಸೆ ಇಲಾಖೆ ನೋಡುತ್ತದೆ. ಹಾಗಾಗಿ ಇಂಟರ್‌ವ್ಯೂನಲ್ಲಿ "ಏನು ಕೊಟ್ಟರೂ ಮಾಡುತ್ತೇನೆ ಸರ್" ಅಂದರೆ ವಿನಯ ಅಂತ ತಿಳಿಯುವುದಿಲ್ಲ, ಇವನ ವೀಸಾ ಕಾಗದದಲ್ಲಿ ಏನಂತ ಬರೆಯುವುದು ಅಂತ ಅವರು ಯೋಚನೆಗೆ ಬೀಳುತ್ತಾರೆ.

ಇನ್ನೊಂದು ದಾರಿ ತೊಕುತೇ ಗಿನೋ, ಅಂದರೆ ನಿರ್ದಿಷ್ಟ ಕೌಶಲದ ವೀಸಾ. ಇದು 2019ರ ಏಪ್ರಿಲ್‌ನಲ್ಲಿ ಶುರುವಾಯಿತು. ವಯಸ್ಸಾದವರ ಆರೈಕೆ, ಹೋಟೆಲ್ ಅಡುಗೆ, ಕೃಷಿ, ಕಾರ್ಖಾನೆ ಕೆಲಸಗಳು ಇದರಲ್ಲಿ ಬರುತ್ತವೆ. ಭಾರತ ಮತ್ತು ಜಪಾನ್ 2021ರ ಜನವರಿಯಲ್ಲಿ ಇದರ ಬಗ್ಗೆ ಒಪ್ಪಂದ ಮಾಡಿಕೊಂಡವು. ಇದಕ್ಕೆ ಡಿಗ್ರಿ ಬೇಡ. ಆದರೆ ಆ ಕೆಲಸದ ಕೌಶಲ ಪರೀಕ್ಷೆ ಮತ್ತು ಭಾಷೆಯಲ್ಲಿ ಜೆಎಲ್‌ಪಿಟಿ ಅನ್ನುವ ಜಪಾನಿ ಭಾಷಾ ಪರೀಕ್ಷೆಯ ಎನ್4 ಮಟ್ಟ ಅಥವಾ ಜೆಎಫ್‌ಟಿ ಬೇಸಿಕ್ ಅನ್ನುವ ಇನ್ನೊಂದು ಭಾಷಾ ಪರೀಕ್ಷೆ ಪಾಸಾಗಬೇಕು. ಆರೈಕೆ ಕೆಲಸಕ್ಕಾದರೆ ಇದರ ಮೇಲೆ ಅದರದೇ ಒಂದು ಭಾಷಾ ಪರೀಕ್ಷೆಯೂ ಇದೆ.

ಇಲ್ಲೇ ಒಂದು ಎಚ್ಚರಿಕೆ. ಜಪಾನಿನ ಕಾನೂನಿನ ಪ್ರಕಾರ ಅಲ್ಲಿಯ ಉದ್ಯೋಗ ಏಜೆನ್ಸಿಗಳು, ಕೆಲವು ಅಪವಾದ ಬಿಟ್ಟರೆ, ಕೆಲಸ ಹುಡುಕುವವರಿಂದ ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ. ಅವರಿಗೆ ಹಣ ಕೊಡುವುದು ಕಂಪನಿ. "ಜಪಾನ್ ಕೆಲಸ ಗ್ಯಾರಂಟಿ, ಇಷ್ಟು ಲಕ್ಷ ಕಟ್ಟಿ" ಅನ್ನುವವರು ಸಿಕ್ಕರೆ ಅಲ್ಲಿಂದಲೇ ವಾಪಸ್ ಬನ್ನಿ.

ಕಾಗದಪತ್ರ: ರಿರೆಕಿಶೊ ಮತ್ತು ಅದರ ತಮ್ಮ

ನಮ್ಮ ಎರಡು ಪುಟದ ರೆಸ್ಯೂಮೆಯನ್ನೇ ಜಪಾನಿ ಭಾಷೆಗೆ ತಿರುಗಿಸಿ ಕಳಿಸಿದರೆ ಸಾಲದು. ಅಲ್ಲಿ ಎರಡು ಕಾಗದ ಕೇಳುತ್ತಾರೆ. ರಿರೆಕಿಶೊ ಅಂದರೆ ಗೆರೆ ಹಾಕಿದ ಸಿದ್ಧ ಫಾರಂ: ಹೆಸರು, ವಿಳಾಸ, ಓದು, ಕೆಲಸ, ಸರ್ಟಿಫಿಕೇಟು, ಯಾಕೆ ಈ ಕಂಪನಿ, ಅಷ್ಟೇ. ಶೊಕುಮು ಕೇರೆಕಿಶೊ ಅಂದರೆ ಯಾವ ಕೆಲಸದಲ್ಲಿ ಏನು ಮಾಡಿದಿರಿ ಅನ್ನುವ ವಿವರ. ಎ4 ಅಳತೆಯಲ್ಲಿ ಒಂದೋ ಎರಡೋ ಪುಟ ಸಾಕು. ಓದು ಈಗಷ್ಟೇ ಮುಗಿಸಿದವರಿಗೆ ಎರಡನೆಯದು ಬೇಡ.

ರಿರೆಕಿಶೊ ನಮೂನೆಯನ್ನು ಅಲ್ಲಿನ ಆರೋಗ್ಯ, ಕಾರ್ಮಿಕ ಮತ್ತು ಕಲ್ಯಾಣ ಸಚಿವಾಲಯವೇ 2021ರಲ್ಲಿ ಹೊಸದಾಗಿ ಕೊಟ್ಟಿದೆ. ಅದರಲ್ಲಿ ಗಂಡೋ ಹೆಣ್ಣೋ ಅಂತ ಬರೆಯುವುದು ನಿಮ್ಮ ಇಷ್ಟ. ಹೆಂಡತಿ, ಗಂಡ, ಅವಲಂಬಿತರು ಎಷ್ಟು ಜನ ಅನ್ನುವ ಖಾನೆಗಳನ್ನು ತೆಗೆದುಬಿಟ್ಟಿದ್ದಾರೆ. ಅದನ್ನೇ ಬಳಸಿ.

ನಮ್ಮವರು ಎಡವುವ ಜಾಗಗಳನ್ನು ಹೇಳುತ್ತೇನೆ.

ಹೆಸರು. ಇದು ದೊಡ್ಡ ತಲೆನೋವು. ಫಾರಂನಲ್ಲಿ ಮನೆತನದ ಹೆಸರು ಬೇರೆ, ಸ್ವಂತ ಹೆಸರು ಬೇರೆ ಕೇಳುತ್ತದೆ. ನಮ್ಮಲ್ಲಿ ಎಷ್ಟೋ ಜನರಿಗೆ ಇರುವುದು ಒಂದು ಹೆಸರು, ಅದರ ಜೊತೆ ಊರಿನದೋ ಅಪ್ಪನದೋ ಒಂದು ಇನಿಷಿಯಲ್. ಪಾಸ್‌ಪೋರ್ಟ್‌ನಲ್ಲಿ ಏನಿದೆಯೋ ಅದೇ ರೋಮನ್ ಅಕ್ಷರಗಳನ್ನು ಹಿಡಿದುಕೊಳ್ಳಿ. ಮುಂದೆ ಅಲ್ಲಿ ಸಿಗುವ ಜೈರ್ಯು ಕಾರ್ಡ್, ಅಂದರೆ ವಾಸದ ಗುರುತಿನ ಚೀಟಿಯಲ್ಲೂ ಅದೇ ಬರುತ್ತದೆ. ವಿದೇಶಿ ಹೆಸರುಗಳನ್ನು ಬರೆಯುವ ಕತಕಾನ ಲಿಪಿಯಲ್ಲಿ ನಿಮ್ಮ ಹೆಸರನ್ನು ಹೇಗೆ ಬರೆಯಬೇಕು ಅಂತ ಒಂದು ಸಲ ತೀರ್ಮಾನ ಮಾಡಿ, ಆಮೇಲೆ ಎಲ್ಲ ಕಡೆ ಅದನ್ನೇ ಬರೆಯಿರಿ. ಲಕ್ಷ್ಮಿ "ರಾಕುಶುಮಿ" ಆಗುತ್ತಾಳೆ, ಬೇಜಾರು ಮಾಡಿಕೊಳ್ಳಬೇಡಿ, ಅವರಲ್ಲಿ ಲಕಾರ ಇಲ್ಲ.

ವರ್ಷ. ಜಪಾನಿನ ಶಕೆ ಅಥವಾ ಇಂಗ್ಲಿಷ್ ವರ್ಷ, ಯಾವುದಾದರೂ ಸರಿ, ಬೆರೆಸಬೇಡಿ. ಈಗಿನ ರೇವಾ ಶಕೆ ಶುರುವಾಗಿದ್ದು 2019ರ ಮೇ 1ಕ್ಕೆ. ಇಂಗ್ಲಿಷ್ ವರ್ಷದಿಂದ 2018 ಕಳೆದರೆ ರೇವಾ ವರ್ಷ ಬರುತ್ತದೆ, ಅಂದರೆ 2025 ರೇವಾ 7. ಅದಕ್ಕಿಂತ ಹಿಂದಿನ ಹೇಸೇ ಶಕೆಗೆ 1988 ಕಳೆಯಬೇಕು. ನನ್ನ ಸಲಹೆ: ಸುಮ್ನೆ ಇಂಗ್ಲಿಷ್ ವರ್ಷವನ್ನೇ ಹಾಕಿ, ತಪ್ಪಿಗೆ ದಾರಿ ಇರುವುದಿಲ್ಲ.

ಓದು. ಅಲ್ಲಿ ಹೈಸ್ಕೂಲ್ ಅಂದರೆ 10ರಿಂದ 12ನೇ ತರಗತಿ. ನಮ್ಮ ಪಿಯುಸಿ ಅಲ್ಲಿಗೆ ಹೊಂದುತ್ತದೆ. "ಪಿಯು ಕಾಲೇಜು" ಅಂತ ಬರೆದರೆ ಎರಡೆರಡು ಕಾಲೇಜು ಯಾಕೆ ಅಂತ ಗೊಂದಲ ಮಾಡಿಕೊಳ್ಳುತ್ತಾರೆ. ಹೈಸ್ಕೂಲ್ ಮಟ್ಟ ಅಂತ ಬರೆಯಿರಿ. ಹಳೆಯದರಿಂದ ಹೊಸದಕ್ಕೆ ಬರಬೇಕು, ನಮ್ಮ ರೆಸ್ಯೂಮೆಗೆ ಉಲ್ಟಾ. ಪಟ್ಟಿ ಮುಗಿದ ಮೇಲೆ ಬಲಗಡೆ "ಇಜೋ" ಅಂತ ಬರೆಯುತ್ತಾರೆ, "ಇಷ್ಟೇ" ಅಂತ ಅರ್ಥ. ಇದನ್ನು ಬರೆದರೆ ಈ ಪದ್ಧತಿ ಗೊತ್ತಿರುವವರು ಅಂತ ತಕ್ಷಣ ತಿಳಿಯುತ್ತದೆ.

ಫೋಟೊ. ಸುಮಾರು 4 ಸೆಂ.ಮೀ. ಎತ್ತರ, 3 ಸೆಂ.ಮೀ. ಅಗಲ, ಮೂರು ತಿಂಗಳ ಒಳಗೆ ತೆಗೆದದ್ದು, ಕೋಟು ಹಾಕಿಕೊಂಡು. ಮದುವೆ ಆಲ್ಬಮ್‌ನಿಂದ ಕತ್ತರಿಸಿ ಅಂಟಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ, ಪಕ್ಕದವರ ರೇಷ್ಮೆ ಸೀರೆಯ ಅಂಚು ಹಾಗೇ ಇತ್ತು.

ಮಧ್ಯದಲ್ಲಿ ಕೆಲಸ ಇಲ್ಲದ ಎಂಟು ತಿಂಗಳಿದ್ದರೆ ಮುಚ್ಚಿಡಬೇಡಿ. ತಿಂಗಳು ತಿಂಗಳು ಲೆಕ್ಕ ಹಾಕಿ ಕೇಳುತ್ತಾರೆ. ಅಪ್ಪನ ಆಪರೇಷನ್ ಇತ್ತು, ಆ ಹೊತ್ತಿನಲ್ಲೇ ಎನ್3 ಓದಿದೆ ಅಂತ ಒಂದು ಸಾಲು ಸಾಕು.

ಭಾಷೆ: ಕನ್ನಡದವರಿಗೆ ಅರ್ಧ ದಾರಿ ಗೊತ್ತು

ಜೆಎಲ್‌ಪಿಟಿ ಪರೀಕ್ಷೆಗೆ ಎನ್5ರಿಂದ ಎನ್1ರ ತನಕ ಐದು ಮೆಟ್ಟಿಲು. ಬೆಂಗಳೂರಲ್ಲೂ ಕೇಂದ್ರ ಇದೆ, ಜುಲೈ ಮತ್ತು ಡಿಸೆಂಬರ್‌ನಲ್ಲಿ ನಡೆಯುತ್ತದೆ. ಆದರೆ ಒಂದು ಮಾತು ನೆನಪಿರಲಿ: ಇದರಲ್ಲಿ ಮಾತಾಡುವ ಪರೀಕ್ಷೆಯೇ ಇಲ್ಲ. ಗುರುತು ಹಾಕಿ ಬರುವುದು, ಅಷ್ಟೇ. ಎನ್2 ಸರ್ಟಿಫಿಕೇಟು ಕೈಯಲ್ಲಿದ್ದು "ನಿಮ್ಮ ಬಗ್ಗೆ ಹೇಳಿ" ಅಂದ ಕೂಡಲೇ ನಾಲಿಗೆ ಒಣಗಿದವರು ಬೇಕಾದಷ್ಟು ಜನ ಇದ್ದಾರೆ. ನಾನೂ ಒಬ್ಬ. ದಿನಕ್ಕೆ 20 ನಿಮಿಷ ಗಟ್ಟಿಯಾಗಿ ಮಾತಾಡಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಕೇಳುವಾಗ ನಾಚಿಕೆ ಆಗುತ್ತದೆ, ಆಗಲಿ.

ನಮಗೊಂದು ಅನುಕೂಲ ಇದೆ. ಇಂಗ್ಲಿಷ್‌ನಲ್ಲಿ ಯೋಚಿಸಿ ಜಪಾನಿ ಮಾತಾಡಲು ಹೋದರೆ ಒದ್ದಾಟ, ಕನ್ನಡದಲ್ಲಿ ಯೋಚಿಸಿದರೆ ಸಲೀಸು. ಕ್ರಿಯಾಪದ ಕೊನೆಗೆ, ಪ್ರತ್ಯಯ ಪದದ ಬೆನ್ನಿಗೆ. "ಬೆಂಗಳೂರಿನಿಂದ" ಅನ್ನುವ ಹಾಗೆಯೇ "ಬಂಗಾರೋರು ಕರಾ". "ಯತ್ತೆ ಮಿಮಾಸು" ಅಂದರೆ ಪದಕ್ಕೆ ಪದ "ಮಾಡಿ ನೋಡುತ್ತೇನೆ". ಮನೆಯಿಂದ ಹೊರಡುವಾಗ ಅವರು "ಇತ್ತೆ ಕಿಮಾಸು" ಅನ್ನುತ್ತಾರೆ, ಅದು ನಮ್ಮ "ಹೋಗಿ ಬರ್ತೀನಿ" ಅನ್ನುವುದೇ. ಇದು ಗೊತ್ತಾದ ದಿನ ನನ್ನ ಅರ್ಧ ಭಯ ಹೋಯಿತು.

ಪರಿಚಯದ ಮಾತು ಹೀಗಿರಲಿ: "ಹಾಜಿಮೆಮಾಶಿತೆ. ಇಂದೊ ನೊ ಬಂಗಾರೋರು ಕರಾ ಮಾಯ್ರಿಮಾಶಿತಾ, ಮಂಜುನಾಥ್ ತೊ ಮೋಶಿಮಾಸು. ಯೊರೊಶಿಕು ಒನೆಗಾಯ್ ಇತಾಶಿಮಾಸು." ಅಂದರೆ, ಮೊದಲ ಸಲ ಭೇಟಿಯಾಗುತ್ತಿದ್ದೇನೆ, ಭಾರತದ ಬೆಂಗಳೂರಿನಿಂದ ಬಂದ ಮಂಜುನಾಥ್, ದಯವಿಟ್ಟು ನನ್ನ ಮೇಲೆ ವಿಶ್ವಾಸವಿರಲಿ. ಇಲ್ಲಿ ಮಾಯ್ರಿಮಾಶಿತಾ (ಬಂದೆ), ಮೋಶಿಮಾಸು (ಅನ್ನುತ್ತಾರೆ) ಎರಡೂ ತನ್ನನ್ನು ತಗ್ಗಿಸಿ ಹೇಳುವ ರೂಪಗಳು. ನಾವು "ಬಂದರು, ಬಂದ" ಅಂತ ಎದುರಿನವರನ್ನು ಏರಿಸಿ ಇಳಿಸುತ್ತೇವೆ, ಅವರು ಅದರ ಜೊತೆಗೆ ತಮ್ಮನ್ನೂ ಇಳಿಸಿಕೊಳ್ಳುತ್ತಾರೆ. ಆ ಕಂಪನಿಯನ್ನು ಮಾತಿನಲ್ಲಿ "ಓನ್‌ಶಾ", ಬರವಣಿಗೆಯಲ್ಲಿ "ಕಿಶಾ" ಅನ್ನಬೇಕು. ಇಷ್ಟು ಸಾಕು. ಅರ್ಧಂಬರ್ಧ ಗೌರವದ ಭಾಷೆಯನ್ನು ಬಾಯಿಪಾಠ ಮಾಡಿ ತೊದಲುವುದಕ್ಕಿಂತ ಸಾದಾ "ದೆಸು, ಮಾಸು" ರೂಪದಲ್ಲಿ ತಡೆಯಿಲ್ಲದೆ ಮಾತಾಡುವುದು ಎಷ್ಟೋ ವಾಸಿ.

ಪ್ರಶ್ನೆ ಅರ್ಥವಾಗದಿದ್ದರೆ ಊಹೆ ಮಾಡಿ ಉತ್ತರ ಕೊಡಬೇಡಿ. "ಮೋ ಇಚಿದೊ ಒನೆಗಾಯ್ ಶಿಮಾಸು", ಇನ್ನೊಂದು ಸಲ ಹೇಳಿ ಅಂತ ಕೇಳಿ. ಅವರ "ಹಾಯ್" ಅನ್ನುವುದಕ್ಕೆ ಒಪ್ಪಿಗೆ ಅಂತಲೇ ಅರ್ಥ ಮಾಡಬೇಡಿ, "ಕೇಳಿಸಿಕೊಳ್ಳುತ್ತಿದ್ದೇನೆ, ಹೇಳಿ" ಅಂತ ಎಷ್ಟೋ ಸಲ. ನನ್ನ ಇಂಟರ್‌ವ್ಯೂನಲ್ಲಿ ಮೂವರು ತಲೆದೂಗಿದ್ದೂ ಅದೇ. ಹಾಗೇ ನಮ್ಮ ಆ ಅಡ್ಡಡ್ಡ ತಲೆ ಅಲ್ಲಾಡಿಸುವ ಅಭ್ಯಾಸ ಇದೆಯಲ್ಲ, ಅದು ಹೌದೋ ಅಲ್ಲವೋ ಅಂತ ಅವರಿಗೆ ಕೊನೆಯ ತನಕ ತಿಳಿಯುವುದಿಲ್ಲ. ಕನ್ನಡಿ ಮುಂದೆ ಕೂತು ಮೇಲೆ ಕೆಳಗೆ ಆಡಿಸಿ ರೂಢಿ ಮಾಡಿ.

ಕೇಳೇ ಕೇಳುವ ಪ್ರಶ್ನೆಗಳು

ಸಾಮಾನ್ಯವಾಗಿ ಎರಡು ಮೂರು ಸುತ್ತು. ಮೊದಲು ಎಚ್‌ಆರ್, ಆಮೇಲೆ ಆ ವಿಭಾಗದ ಮುಖ್ಯಸ್ಥರು, ಕೊನೆಗೆ ಮೇಲಿನವರು. ಒಂದೇ ಪ್ರಶ್ನೆಯನ್ನು ಮೂವರೂ ಕೇಳುತ್ತಾರೆ. ಮರೆತು ಕೇಳುತ್ತಿಲ್ಲ, ಉತ್ತರ ಒಂದೇ ಇದೆಯಾ ಅಂತ ನೋಡುತ್ತಿದ್ದಾರೆ. ಅದಕ್ಕೇ ರಿರೆಕಿಶೊದಲ್ಲಿ ಬರೆದದ್ದರ ಒಂದು ಪ್ರತಿ ನಿಮ್ಮ ಹತ್ತಿರ ಇರಲಿ.

ಶಿಬೋ ದೋಕಿ, ಅಂದರೆ "ಈ ಕಂಪನಿಯೇ ಯಾಕೆ". ಇದರಲ್ಲೇ ಸೋಲು ಗೆಲುವು. ಇದರೊಳಗೆ ಮೂರು ಪ್ರಶ್ನೆ ಅಡಗಿವೆ: ಜಪಾನ್ ಯಾಕೆ, ಈ ಉದ್ಯಮ ಯಾಕೆ, ಇದರಲ್ಲಿ ನಾವೇ ಯಾಕೆ. ನಾನು ಮೊದಲನೆಯದಕ್ಕೆ ಮಾತ್ರ ಉತ್ತರ ಕೊಟ್ಟಿದ್ದೆ, ಅದೂ ಪ್ರವಾಸಿಯ ಹಾಗೆ. ಪರೀಕ್ಷೆ ಸುಲಭ: ನಿಮ್ಮ ಉತ್ತರದಲ್ಲಿ ಕಂಪನಿಯ ಹೆಸರು ತೆಗೆದು ಅದರ ಪೈಪೋಟಿಯವರ ಹೆಸರು ಹಾಕಿ ಓದಿ. ಆಗಲೂ ಸರಿಹೊಂದಿದರೆ ಆ ಉತ್ತರ ಕೆಲಸಕ್ಕೆ ಬಾರದು. ಕಂಪನಿಯ ವೆಬ್‌ಸೈಟಿನ ಜಪಾನಿ ಪುಟಗಳನ್ನು ಓದಿ, ಇಂಗ್ಲಿಷ್ ಪುಟದಲ್ಲಿ ಅರ್ಧ ಇರುವುದಿಲ್ಲ. ಅಧ್ಯಕ್ಷರ ಸಂದೇಶ, ಹೊಸ ಉತ್ಪನ್ನ, ಭಾರತದಲ್ಲಿ ಏನು ಮಾಡುತ್ತಿದ್ದಾರೆ, ಇವನ್ನು ಗುರುತು ಮಾಡಿಕೊಳ್ಳಿ.

ನಂಟು ನಿಜವಾಗಿದ್ದರೆ ನಮ್ಮ ಊರಿನಲ್ಲೇ ಸಿಗುತ್ತದೆ. ಬಿಡದಿಯಲ್ಲಿ ಟೊಯೊಟಾ ಕಾರ್ಖಾನೆ ಇದೆ, ಕೋಲಾರದ ನರಸಾಪುರದಲ್ಲಿ ಹೋಂಡಾ ಇದೆ. ಇಂಥ ಕಡೆಯೋ ಅವುಗಳಿಗೆ ಬಿಡಿಭಾಗ ಕೊಡುವ ಸಣ್ಣ ಘಟಕದಲ್ಲೋ ಕೆಲಸ ಮಾಡಿದವರಿಗೆ ಕೈಜೆನ್ (ಕೆಲಸವನ್ನು ಸ್ವಲ್ಪ ಸ್ವಲ್ಪವೇ ಸುಧಾರಿಸುತ್ತಾ ಹೋಗುವುದು), 5ಎಸ್ (ಕೆಲಸದ ಜಾಗವನ್ನು ಒಪ್ಪವಾಗಿಡುವ ಪದ್ಧತಿ) ಮೊದಲೇ ಗೊತ್ತು. "ನಮ್ಮ ಲೈನಿನಲ್ಲಿ ಸ್ಪ್ಯಾನರ್ ಹುಡುಕಲು ಹೋಗುತ್ತಿದ್ದ ಹೊತ್ತನ್ನು ಬೋರ್ಡ್ ಹಾಕಿ ಹೀಗೆ ಕಡಿಮೆ ಮಾಡಿದೆವು, ಅದರಲ್ಲಿ ನಾನು ಮಾಡಿದ್ದು ಇದು" ಅನ್ನುವ ಸಣ್ಣ ಕಥೆ, ಜಪಾನಿನ ಶಿಸ್ತಿನ ಬಗ್ಗೆ ಹತ್ತು ನಿಮಿಷ ಹೊಗಳುವುದಕ್ಕಿಂತ ಮೇಲು.

"ಹಳೆಯ ಕೆಲಸ ಯಾಕೆ ಬಿಡುತ್ತಿದ್ದೀರಿ?" ಬಾಸ್ ಸರಿ ಇಲ್ಲ, ಸಂಬಳ ಕಡಿಮೆ ಅಂತ ಹೇಳಲೇಬೇಡಿ. ನಾಳೆ ನಮ್ಮ ಬಗ್ಗೆಯೂ ಇವನು ಹೀಗೇ ಹೇಳುತ್ತಾನೆ ಅಂದುಕೊಳ್ಳುತ್ತಾರೆ. ಸುಳ್ಳೂ ಬೇಡ. ಅಲ್ಲಿ ಟೆಸ್ಟಿಂಗ್ ಮಾತ್ರ ಇತ್ತು, ವಿನ್ಯಾಸದಿಂದ ಕೊನೆಯ ತನಕ ಒಂದೇ ಕಡೆ ಮಾಡಬೇಕು ಅಂತ ಆಸೆ, ನಿಮ್ಮಲ್ಲಿ ಹಾಗೆ ನಡೆಯುತ್ತದೆ ಅಂತ ಓದಿದೆ. ಹೀಗೆ ಬಿಡುವ ಕಾರಣವನ್ನು ಸೇರುವ ಕಾರಣಕ್ಕೆ ಗಂಟು ಹಾಕಿ. ಮೂರು ವರ್ಷದಲ್ಲಿ ಮೂರು ಕಂಪನಿ ಬದಲಿಸಿದವರು ಇದಕ್ಕೆ ಚೆನ್ನಾಗಿ ತಯಾರಾಗಿ. ಬೆಂಗಳೂರಿನಲ್ಲಿ ಅದು ಮಾಮೂಲಿ, ಅಲ್ಲಿ ಅಲ್ಲ.

ಸೋತದ್ದನ್ನು ಕೇಳುತ್ತಾರೆ. "ನಾನು ಪರ್ಫೆಕ್ಷನಿಸ್ಟ್" ಥರದ ಚಾಲಾಕಿ ಉತ್ತರ ಬೇಡ. ನಿಜವಾಗಿ ಕೆಟ್ಟದ್ದು ಹೇಳಿ, ಯಾವಾಗ ಯಾರಿಗೆ ತಿಳಿಸಿದಿರಿ ಅನ್ನುವುದನ್ನು ಸೇರಿಸಿ. ಅಲ್ಲಿ ಹೋರೆನ್‌ಸೋ ಅಂತ ಒಂದು ಪಾಠವಿದೆ: ವರದಿ ಮಾಡು, ಸುದ್ದಿ ಮುಟ್ಟಿಸು, ಸಲಹೆ ಕೇಳು, ಈ ಮೂರರ ಜಪಾನಿ ಪದಗಳ ಮೊದಲಕ್ಷರಗಳು ಸೇರಿ ಆದದ್ದು. ಹೋರೆನ್‌ಸೋ ಅಂದರೆ ಪಾಲಕ್ ಸೊಪ್ಪು ಕೂಡ, ನೆನಪಿಡಲು ಸುಲಭ. ತಪ್ಪು ಮಾಡಿದವನನ್ನು ಕ್ಷಮಿಸುತ್ತಾರೆ, ತಪ್ಪನ್ನು ಮೂರು ದಿನ ಒಳಗಿಟ್ಟುಕೊಂಡವನನ್ನು ಕಷ್ಟ.

ಬೇರೆ ಕಡೆ ಅರ್ಜಿ ಹಾಕಿದ್ದೀರಾ ಅಂತಲೂ ಕೇಳುತ್ತಾರೆ. ಹಾಕಿದ್ದರೆ ಹೌದು ಅನ್ನಿ. ಐದು ವರ್ಷದ ಮೇಲೆ ಏನು ಅಂದರೆ "ಭಾರತಕ್ಕೆ ವಾಪಸ್ ಹೋಗಿ ಸ್ವಂತ ಕಂಪನಿ" ಅಂತ ಮಾತ್ರ ಹೇಳಬೇಡಿ.

ಮನೆಯವರ ಉದ್ಯೋಗ, ಧರ್ಮ, ಯಾವ ಪಕ್ಷ ಅಂತೆಲ್ಲ ಇಂಟರ್‌ವ್ಯೂನಲ್ಲಿ ಕೇಳಬಾರದು ಅಂತ ಕಾರ್ಮಿಕ ಸಚಿವಾಲಯವೇ ಕಂಪನಿಗಳಿಗೆ ಹೇಳುತ್ತದೆ. ಆದರೂ "ನೀವು ಮಾಂಸ ತಿನ್ನುತ್ತೀರಾ" ಅಂತ ಯಾರೋ ಕೇಳಬಹುದು, ಬಹಳ ಸಲ ಅದು ಮುಂದೆ ಊಟಕ್ಕೆ ಎಲ್ಲಿಗೆ ಕರೆದುಕೊಂಡು ಹೋಗುವುದು ಅನ್ನುವ ಚಿಂತೆ. ನಕ್ಕು ಒಂದು ಸಾಲಿನಲ್ಲಿ ಹೇಳಿ.

ಕೊನೆಗೆ ಗ್ಯಾಕು ಶಿತ್ಸುಮೋನ್, ನೀವು ಕೇಳುವ ಸರದಿ. "ಏನೂ ಇಲ್ಲ" ಅಂದರೆ ಆಸಕ್ತಿ ಇಲ್ಲ ಅಂತ ಲೆಕ್ಕ. ಐದು ಪ್ರಶ್ನೆ ಬರೆದುಕೊಂಡು ಹೋಗಿ, ಮೂರಕ್ಕೆ ಉತ್ತರ ಮಧ್ಯದಲ್ಲೇ ಸಿಕ್ಕಿಬಿಡುತ್ತದೆ. ತಂಡದಲ್ಲಿ ಎಷ್ಟು ಜನ, ಮೊದಲ ಮೂರು ತಿಂಗಳು ಏನು ಮಾಡಬೇಕು, ಸೇರುವ ಮುಂಚೆ ಏನು ಓದಿಕೊಂಡು ಬರಲಿ, ಈ ಥರ. ಸಂಬಳ, ರಜೆ ಮೊದಲ ಸುತ್ತಿನಲ್ಲಿ ಬೇಡ.

ಆ ದಿನ

ಆನ್‌ಲೈನ್ ಆದರೆ ನಮ್ಮ ಮನೆಗಳ ಬೆಳಗ್ಗೆ ಆರೂವರೆ ಹೇಗಿರುತ್ತದೆ ಗೊತ್ತಲ್ಲ, ಕುಕ್ಕರ್ ಸೀಟಿ, ಹಾಲಿನವನು, ದೇವಸ್ಥಾನದ ಮೈಕು. ಹಿಂದಿನ ದಿನವೇ ಮನೆಯವರಿಗೆ ಹೇಳಿಡಿ, ಯುಪಿಎಸ್ ನೋಡಿಕೊಳ್ಳಿ, ಫೋನಿನ ಹಾಟ್‌ಸ್ಪಾಟ್ ತಯಾರಿರಲಿ. ಪೂರ್ತಿ ಬಟ್ಟೆ ಹಾಕಿ. ನಾನು ನೀರು ತರಲು ಎದ್ದು ನಿಂತಾಗ ಏನಾಯಿತು ಅಂತ ಹೇಳುವ ಅಗತ್ಯ ಇಲ್ಲ.

ಜಪಾನಿನಲ್ಲೇ ಇದ್ದು ಖುದ್ದು ಹೋಗುವುದಾದರೆ ಗಾಢ ಬಣ್ಣದ ಸೂಟು, ಬಿಳಿ ಅಂಗಿ. ಘಾಟು ಸೆಂಟು ಬೇಡ. ಹೇಳಿದ ಹೊತ್ತಿಗಿಂತ ಹತ್ತು ನಿಮಿಷ ಮುಂಚೆ ರಿಸೆಪ್ಶನ್‌ನಲ್ಲಿರಿ, ಅರ್ಧ ಗಂಟೆ ಮುಂಚೆ ಹೋಗಿ ಅವರಿಗೆ ತೊಂದರೆ ಕೊಡಬೇಡಿ, ಪಕ್ಕದ ಅಂಗಡಿಯಲ್ಲಿ ಕಾಫಿ ಕುಡಿಯಿರಿ. ರೈಲು ತಡವಾದರೆ ಕೂಡಲೇ ಫೋನ್ ಮಾಡಿ, ಸ್ಟೇಷನ್‌ನಲ್ಲಿ ತಡವಾದದ್ದಕ್ಕೆ ಚೀಟಿ ಕೊಡುತ್ತಾರೆ, ತೆಗೆದುಕೊಳ್ಳಿ. ಚಳಿಯ ಕೋಟನ್ನು ಕಟ್ಟಡದ ಹೊರಗೇ ಬಿಚ್ಚಬೇಕು.

ಬಾಗಿಲು ಮೂರು ಸಲ ಬಡಿಯಿರಿ. ಎರಡು ಸಲ ಬಡಿಯುವುದು ಟಾಯ್ಲೆಟ್‌ಗೆ ಅಂತ ಅಲ್ಲಿನವರು ಹೇಳಿಕೊಡುತ್ತಾರೆ. "ಶಿತ್ಸುರೇ ಶಿಮಾಸು", ಅಂದರೆ ತೊಂದರೆ ಕೊಡುತ್ತಿದ್ದೇನೆ ಕ್ಷಮಿಸಿ, ಅಂದು ಒಳಗೆ ಹೋಗಿ, ಕುರ್ಚಿಯ ಪಕ್ಕ ನಿಂತು ಹೆಸರು ಹೇಳಿ, ಆಮೇಲೆ ಬಾಗಿ. ಮಾತಾಡುತ್ತಲೇ ಬಾಗಬೇಡಿ, ಮೊದಲು ಮಾತು ಆಮೇಲೆ ಬೆನ್ನು. 30 ಡಿಗ್ರಿ ಸಾಕು, 45 ಆಳವಾದ ಕೃತಜ್ಞತೆಗೋ ಕ್ಷಮೆಗೋ. ಕೂರಿ ಅಂದ ಮೇಲೆ ಕೂರಬೇಕು, ಬ್ಯಾಗು ನೆಲದ ಮೇಲೆ ಕುರ್ಚಿಯ ಪಕ್ಕ. ಬಾಗುವುದರಲ್ಲಿ ಸಣ್ಣಪುಟ್ಟ ತಪ್ಪಾದರೆ ವಿದೇಶಿಯರು ಅಂತ ಬಿಡುತ್ತಾರೆ, ತಡವಾಗಿ ಬಂದರೆ ಬಿಡುವುದಿಲ್ಲ.

ಮುಗಿದ ಮೇಲೆ

ಅದೇ ದಿನ ನಾಲ್ಕು ಸಾಲಿನ ಧನ್ಯವಾದದ ಮೇಲ್ ಕಳಿಸಿ. ಮಾತಿನ ನಡುವೆ ಬಂದ ಒಂದು ವಿಷಯವನ್ನು ಅದರಲ್ಲಿ ನೆನೆಯಿರಿ.

ಆಯ್ಕೆಯಾದರೆ ನಾಯ್ತೇ, ಅಂದರೆ ಕೆಲಸದ ಆಹ್ವಾನ ಬರುತ್ತದೆ. ಕುಣಿದಾಡುವ ಮುಂಚೆ ಕೆಲಸದ ಷರತ್ತುಗಳ ಕಾಗದ ಕೇಳಿ. ಅದನ್ನು ಬರಹದಲ್ಲಿ ಕೊಡುವುದು ಅಲ್ಲಿನ ಕಾನೂನು. ಅದರಲ್ಲಿ "ಮಿನಾಶಿ ಜಾಂಗ್ಯೋ" ಅಂತ ಇದ್ದರೆ, ಇಂತಿಷ್ಟು ಗಂಟೆಯ ಓವರ್‌ಟೈಮ್ ದುಡ್ಡು ಸಂಬಳದಲ್ಲೇ ಸೇರಿದೆ ಅಂತ ಅರ್ಥ, ಎಷ್ಟು ಗಂಟೆ ಅಂತ ನೋಡಿ. ಓವರ್‌ಟೈಮ್‌ಗೆ ಸಾಮಾನ್ಯ ಮಿತಿ ತಿಂಗಳಿಗೆ 45 ಗಂಟೆ, ವರ್ಷಕ್ಕೆ 360. ಪೂರ್ತಿ ಹೊತ್ತಿನ ಕೆಲಸಕ್ಕೆ ಆರು ತಿಂಗಳು ಸರಿಯಾಗಿ ಹೋದರೆ 10 ದಿನ ಸಂಬಳದ ರಜೆ ಸಿಗಬೇಕು. ಇನ್ನೊಂದು ಸಂಗತಿ ಯಾರೂ ಮೊದಲೇ ಹೇಳುವುದಿಲ್ಲ: ಅಲ್ಲಿನ ನಿವಾಸಿ ತೆರಿಗೆ ಹಿಂದಿನ ವರ್ಷದ ಆದಾಯದ ಮೇಲೆ ಬೀಳುತ್ತದೆ. ಹಾಗಾಗಿ ಹೊಸಬರಿಗೆ ಮೊದಲ ವರ್ಷ ಕಡಿತ ಕಡಿಮೆ, ಎರಡನೇ ವರ್ಷದ ಜೂನ್‌ನಿಂದ ಕೈಗೆ ಬರುವ ಸಂಬಳ ಇದ್ದಕ್ಕಿದ್ದಂತೆ ಇಳಿಯುತ್ತದೆ.

ಆಮೇಲೆ ಕಂಪನಿಯವರು ನಿಮ್ಮ ಪರವಾಗಿ ಸಿಒಇ, ಅಂದರೆ ವಾಸದ ಅರ್ಹತೆಯ ಪತ್ರಕ್ಕೆ ಅರ್ಜಿ ಹಾಕುತ್ತಾರೆ. ಅದು ಬಂದ ಮೇಲೆ ಇಲ್ಲಿ ವೀಸಾ ಹಾಕಿಸಿ, ಪತ್ರ ಕೊಟ್ಟ ದಿನದಿಂದ ಮೂರು ತಿಂಗಳ ಒಳಗೆ ಜಪಾನ್ ಸೇರಬೇಕು. ನಮ್ಮ ಕಂಪನಿಗಳಲ್ಲಿ ನೋಟಿಸ್ ಅವಧಿಯೇ ಎಷ್ಟೋ ಕಡೆ 90 ದಿನ. ಈ ಎರಡು ಲೆಕ್ಕ ಹೊಂದಿಸುವುದು ಕಷ್ಟ. ಅದಕ್ಕೆ "ಯಾವಾಗ ಸೇರಬಹುದು" ಅಂತ ಕೇಳಿದಾಗಲೇ ನೋಟಿಸ್ ಎಷ್ಟು ದಿನ ಅಂತ ಹೇಳಿಬಿಡಿ, ಅವರು ಅರ್ಜಿಯ ದಿನವನ್ನು ಅದಕ್ಕೆ ತಕ್ಕ ಹಾಗೆ ಇಟ್ಟುಕೊಳ್ಳುತ್ತಾರೆ. ಸಿಒಇ ಕೈಗೆ ಬರುವ ತನಕ ಇಲ್ಲಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ.